ಅತ್ತೆಯ ಗಿಡ, ನನ್ನ ಮೋಡ

ಕೆಲವರ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಡಾಕ್ಟರು, ಮೇಷ್ಟ್ರು, ಬ್ಯಾಂಕಿನವರು ಅಂದರೆ ಸಾಕು, ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸಮಾಧಾನ. ನನ್ನ ಕೆಲಸ ಹಾಗಲ್ಲ. ವಿವರಿಸಲು ಹೊರಟರೆ ಕೇಳಿದವರ ಕಾಫಿ ಆರಿಹೋಗುತ್ತದೆ. ಹೈದರಾಬಾದಿನ ಒಂದು ಸಣ್ಣ ಆಫೀಸಿನಲ್ಲಿ ಉಪಗ್ರಹದಿಂದ ಬಂದ ಚಿತ್ರಗಳನ್ನು ನೋಡಿ ಯಾವ ತಾಲ್ಲೂಕಿನಲ್ಲಿ ಹತ್ತಿ ಎಷ್ಟು, ಭತ್ತ ಎಷ್ಟು, ಕೆರೆಯಲ್ಲಿ ನೀರೆಷ್ಟು ಎಂದು ಹೇಳುತ್ತಾರೆ. ಹಾಗೆ ಹೇಳುವವರು ಬೇರೆ, ದೊಡ್ಡವರು. ಅವರು ನೋಡುವ ಮೊದಲು ಚಿತ್ರದಲ್ಲಿ ಎಲ್ಲೆಲ್ಲಿ ಮೋಡ ಅಡ್ಡ ಬಂದಿದೆ ಎಂದು ಗುರುತು ಹಾಕಿ ಅಷ್ಟು ಭಾಗವನ್ನು ಬೇರೆ ಮಾಡುವುದಕ್ಕೆ ಒಬ್ಬರು ಬೇಕು. ಆ ಒಬ್ಬರು ನಾನು. ಮದುವೆಯಾದ ಹೊಸದರಲ್ಲಿ ಅತ್ತೆ ಕೇಳಿದಾಗ ಇಷ್ಟೆಲ್ಲ ಹೇಳಲು ಸೋಮಾರಿತನವಾಗಿ, "ಮೋಡ ತೆಗೆಯೋ ಕೆಲಸ ಅತ್ತೆ" ಎಂದುಬಿಟ್ಟೆ.

ಮುಂದೆ ಹೈದರಾಬಾದಿನ ಮಲ್ಕಾಜ್‌ಗಿರಿಗೆ ನಮ್ಮ ಜೊತೆ ಇರಲು ಬಂದಾಗ ಅತ್ತೆ ಅದನ್ನು ಅಪಾರ್ಟ್‌ಮೆಂಟಿನ ನಾಲ್ಕೂ ಮಹಡಿಗೆ ಮುಟ್ಟಿಸಿದರು. "ನಮ್ಮ ಸೊಸಿ ಮ್ವಾಡ ತೆಗಿತಾಳ್ರಿ" ಎಂದು ಅವರು ಧಾರವಾಡದ ಕಡೆಯ ಕನ್ನಡದಲ್ಲಿ ಹೇಳಿದ್ದನ್ನು ಎದುರುಮನೆಯ ಪದ್ಮಮ್ಮ ತಮ್ಮ ತೆಲುಗಿಗೆ ಹೇಗೆ ಇಳಿಸಿಕೊಂಡರೋ ದೇವರಿಗೇ ಗೊತ್ತು. ಆ ವರ್ಷ ಮಳೆ ತಡವಾಯಿತು. ಲಿಫ್ಟಿನಲ್ಲಿ ಸಿಕ್ಕ ಪದ್ಮಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏಮ್ಮಾ, ವಾನಲನ್ನೀ ನುವ್ವೇ ಆಪೇಸ್ತುನ್ನಾವಟ?" ಎಂದರು. ಮಳೆಯನ್ನೆಲ್ಲ ನಾನೇ ನಿಲ್ಲಿಸುತ್ತಿದ್ದೇನಂತೆ! ಮುಂದೆ ಬೋನಾಲು ಹಬ್ಬದ ದಿನ ಮಳೆ ಹಿಡಿದು ಬೀದಿಯೆಲ್ಲ ಹೊಳೆಯಾದಾಗ ಅದರ ಕೀರ್ತಿ ಮಾತ್ರ ನನಗೆ ಬರಲಿಲ್ಲ, ದೇವಿಗೆ ಹೋಯಿತು. ಅಂದಹಾಗೆ, ಇಡೀ ಜಿಲ್ಲೆಯ ಹಸಿರನ್ನು ದಿನವಿಡೀ ನೋಡುವ ನನಗೆ ನಮ್ಮ ಬಾಲ್ಕನಿಯ ತುಳಸಿ ಒಣಗಿ ಕಡ್ಡಿಯಾದದ್ದು ಕಂಡಿರಲಿಲ್ಲ. ಅತ್ತೆ ಅದನ್ನೂ ಪದ್ಮಮ್ಮನಿಗೆ ಹೇಳಿದ್ದಾರೆ.

ನಾನು ಮೈಸೂರಿನವಳು. ನನ್ನ ಗಂಡ ಬ್ಯಾಡಗಿ ಹತ್ತಿರದ ಒಂದು ಊರಿನವರು, ರೈಲ್ವೆಯಲ್ಲಿ ಕೆಲಸ, ಹಾಗಾಗಿ ಮಲ್ಕಾಜ್‌ಗಿರಿ. ಮಾವ ತೀರಿಕೊಂಡ ಮೇಲೆ ಊರಿನ ಮನೆಯನ್ನು ಮಾರುವುದೆಂದು ಎಲ್ಲರೂ ಕೂತು ಮಾತಾಡಿದರು. ಮೊದಲು ಹೂಂ ಅಂದವರು ಅತ್ತೆಯೇ. ಅತ್ತು ಕರೆದು ರಂಪ ಮಾಡಿದ್ದರೆ ನಮಗೂ ಸಮಾಧಾನ ಹೇಳುವ ಅವಕಾಶ ಸಿಗುತ್ತಿತ್ತು, ಅವರು ಅದನ್ನೂ ಕೊಡಲಿಲ್ಲ. ಅವರ ಮನೆತನದಲ್ಲಿ ಒಂದು ಪದ್ಧತಿ ಇದೆ. ಮಾರಿದ ಮನೆಯಿಂದ ಹೊರಗೆ ಬೀಳುವಾಗ ತಿರುಗಿ ನೋಡಬಾರದು, ಅವರ ಮಾತಿನಲ್ಲಿ ಹೊಳ್ಳಿ ನೋಡಬಾರದು. ಆಮೇಲೂ ಆ ಮನೆಯ ಸುದ್ದಿ ಕೇಳಬಾರದು. "ಬಿಟ್ಟ ಮನಿ ಮ್ಯಾಲ ಕಣ್ಣ ಇಟ್ರ ಅಲ್ಲಿ ಇರಾವ್ರಿಗೆ ಬರಕತ್ತ ಆಗೂದಿಲ್ಲವಾ" ಎಂದು ಅತ್ತೆ ನನಗೆ ವಿವರಿಸಿದ್ದರು. ಕೊಂಡವರಿಗೆ ಏಳಿಗೆ ಆಗಲಿ ಎಂದು ಮಾರಿದವರು ಕತ್ತು ಬಿಗಿ ಹಿಡಿಯಬೇಕು. ಅತ್ತೆ ಹಾಗೆಯೇ ಹೊರಬಿದ್ದರು. ಟಂಟಂ ಆಟೋ ಹತ್ತಿ ಕೂತವರು ಬಸ್‌ಸ್ಟ್ಯಾಂಡ್ ಬರುವ ತನಕ ಡ್ರೈವರನ ಬೆನ್ನನ್ನೇ ನೋಡುತ್ತಿದ್ದರು. ನಾನು ಪಕ್ಕದಲ್ಲೇ ಇದ್ದೆ. ನಾನು ಹೊರಗಿನಿಂದ ಬಂದವಳು, ನನಗೆ ಆ ನಿಯಮ ತಾಗುವುದಿಲ್ಲವೆಂದುಕೊಂಡು ತಿರುಗಿ ನೋಡಿದೆ. ಏನು ನೋಡಿದೆ ಎಂದು ಈಗ ಕೇಳಿದರೆ ನೆನಪಿಲ್ಲ. ನೋಡಬೇಕಾದವರು ನೋಡಲಿಲ್ಲ, ನೋಡಿದವಳಿಗೆ ನೆನಪಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ದೇಶದವರೊಬ್ಬರು ಅಂತರಿಕ್ಷ ನಿಲ್ದಾಣಕ್ಕೆ ಹೋಗಿದ್ದು ನಿಮಗೆ ನೆನಪಿರಬಹುದು. ಅವರು ಕಿಟಕಿಯಲ್ಲಿ ಭೂಮಿಯನ್ನು ನೋಡುತ್ತಿದ್ದ ದೃಶ್ಯವನ್ನು ಟೀವಿಯವರು ದಿನವಿಡೀ ತೋರಿಸಿದರು. ಅತ್ತೆ ಮೆಂತ್ಯ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಅದನ್ನೇ ನೋಡಿದರು. ಆಮೇಲೆ ಯಾವುದೋ ಸಣ್ಣ ವಿಷಯ ಎಂಬಂತೆ ಕೇಳಿದರು.

"ಸುಮಾ, ನಿಮ್ಮ ಆಫೀಸಿನ್ಯಾಗ ಮ್ಯಾಲಿಂದ ನೋಡ್ತೀರಲ್ಲ, ಗಿಡ ಕಾಣತಾವೇನು?"

"ಗಿಡ ಎಲ್ಲಿ ಕಾಣುತ್ತೆ ಅತ್ತೆ, ಅಷ್ಟು ಚಿಕ್ಕದು ಕಾಣಲ್ಲ."

"ಸಣ್ಣದಲ್ಲವಾ, ದೊಡ್ಡ ಗಿಡ."

"ದೊಡ್ಡದಾದ್ರೂ ಗಿಡ ಗಿಡಾನೇ ಅಲ್ವಾ?" ಎಂದು ನಾನು ತಜ್ಞೆಯ ಗತ್ತಿನಲ್ಲಿ ನಕ್ಕೆ. ಅತ್ತೆ ಮತ್ತೆ ಮೆಂತ್ಯ ಸೊಪ್ಪಿಗೆ ಕೈ ಹಾಕಿದರು. ಎರಡು ದಿನ ರೊಟ್ಟಿ ಬಡಿಯುವ ಸದ್ದಿನಲ್ಲಿ ಮೊದಲಿನ ಜೋರು ಇರಲಿಲ್ಲ. ಕಾರಣ ತಿಳಿಯದೆ ಗಂಡನ ಹತ್ತಿರ ಹೇಳಿಕೊಂಡರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏ ಹುಚ್ಚಿ, ನಮ್ಮ ಕಡೆ ಗಿಡ ಅಂದ್ರ ನಿಮ್ಮ ಮರ. ಅವ್ವ ಬೇವಿನ ಗಿಡ ಕೇಳಾಕತ್ತಾಳ." ಹಾಗಾದರೆ ಮರ ಅಂದರೆ ಏನು ಎಂದೆ. "ಮರ ಅಂದ್ರ ಜ್ವಾಳ ಹಸನ ಮಾಡೂದು" ಎಂದು ಅಡಿಗೆಮನೆಯ ಗೋಡೆಗೆ ಒರಗಿಸಿದ್ದ ಮೊರವನ್ನು ತೋರಿಸಿದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಗೊಂದಲ ಬಂದಿರಲಿಲ್ಲ. ಬರುವುದಾದರೂ ಹೇಗೆ, ನಮ್ಮ ಫ್ಲಾಟಿನಲ್ಲಿ ಇರುವುದೆಲ್ಲ ಕುಂಡದಲ್ಲೇ.

ಆ ಬೇವಿನ ಮರದ ಕತೆ ನನಗೆ ಪೂರ್ತಿ ಗೊತ್ತಾದದ್ದು ಆಗಲೇ. ಅತ್ತೆ ಮದುವೆಯಾಗಿ ಬಂದ ವರ್ಷ ತವರಿನಿಂದ ಒಂದು ಎಣ್ಣೆ ಡಬ್ಬಿಯಲ್ಲಿ ಸಸಿ ತಂದು ಹಿತ್ತಲಿನ ಬಯಲಲ್ಲಿ ನೆಟ್ಟಿದ್ದರು. ಅದು ಬೆಳೆದು ಇಡೀ ಹಿತ್ತಲಿಗೆ ನೆರಳಾಯಿತು. ಮೆಣಸಿನಕಾಯಿಯ ಕಾಲದಲ್ಲಿ ಬಿಸಿಲಿನಲ್ಲಿ ಕೆಂಪಗೆ ಒಣಗಲು ಹರವಿ, ಓಣಿಯ ಹೆಂಗಸರೆಲ್ಲ ಆ ನೆರಳಿನಲ್ಲಿ ಕೂತು ತೊಟ್ಟು ಮುರಿಯುತ್ತಿದ್ದರಂತೆ. ಸೀನು, ಕೆಮ್ಮು, ನಗು ಎಲ್ಲ ಅಲ್ಲೇ. ನನ್ನ ಗಂಡನ ತೊಟ್ಟಿಲು ಕಟ್ಟಿದ್ದೂ ಅದರ ಕೊಂಬೆಗೇ. ಮನೆ ಕೊಂಡವರು ಹಿತ್ತಲಿನಲ್ಲಿ ಗೋದಾಮು ಕಟ್ಟಿಸುವ ಮಾತಾಡಿದ್ದನ್ನು ಅತ್ತೆ ಕೇಳಿಸಿಕೊಂಡಿದ್ದರು. ಕೇಳಿಸಿಕೊಂಡು ನುಂಗಿಕೊಂಡಿದ್ದರು. ಈಗ ಅವರಿಗೆ ತಿಳಿಯಬೇಕಾದದ್ದು ಒಂದೇ, ಆ ಮರ ಇದೆಯೋ ಇಲ್ಲವೋ. ಆದರೆ ಯಾರನ್ನೂ ಕೇಳುವ ಹಾಗಿಲ್ಲ.

"ಮತ್ತೆ ನೋಡೋ ಹಾಗಿದೆಯಾ ಅತ್ತೆ? ಹೊಳ್ಳಿ ನೋಡಬಾರದು ಅಂದಿದ್ರಲ್ಲ?" ಎಂದು ಕೇಳಿದೆ.

ಅತ್ತೆ ಉತ್ತರವನ್ನು ಮೊದಲೇ ಸಿದ್ಧ ಮಾಡಿ ಇಟ್ಟುಕೊಂಡಿದ್ದರು. "ಹೊಳ್ಳಿ ಎಲ್ಲಿ ನೋಡ್ತೀವಿ? ಮ್ಯಾಲಿಂದ ನೋಡ್ತೀವಿ. ಕುತ್ತಿಗಿ ಹೊಳ್ಳಿಸೂದ ಇಲ್ಲಲ್ಲ."

ಯಾವ ವಕೀಲನೂ ಇದಕ್ಕೆ ಎದುರು ಮಾತಾಡಲಾರ. ಹೊರದೇಶದ ಒಂದು ಉಪಗ್ರಹ ಆಗಾಗ ನಮ್ಮ ನೆತ್ತಿಯ ಮೇಲೆ ಹಾದುಹೋಗುತ್ತದೆ, ಅದರ ಚಿತ್ರಗಳನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಮನೆಯ ಕಂಪ್ಯೂಟರಿನಲ್ಲೇ ತೆರೆದೆ. ಅತ್ತೆ ಕನ್ನಡಕ ಒರೆಸಿಕೊಂಡು ಸೆರಗು ಸರಿಮಾಡಿಕೊಂಡು ಬೀಗರ ಮನೆಗೆ ಬಂದವರಂತೆ ಕುರ್ಚಿಯ ತುದಿಯಲ್ಲಿ ಕೂತರು. ಊರಿನ ಮೇಲೆ ಹತ್ತಿ ಹಿಂಜಿ ಹರವಿದ ಹಾಗೆ ಬೆಳ್ಳಗೆ ಮೋಡ. ಮುಂದಿನ ಸಲವೂ ಮೋಡ. ಅದರ ಮುಂದಿನ ಸಲವೂ ಮೋಡ. "ನೀ ಮ್ವಾಡ ತೆಗಿತೀನಿ ಅಂತಿದ್ಯಲ್ಲ, ತೆಗಿಯವಾ" ಎಂದರು ಅತ್ತೆ. ಮೋಡ ತೆಗೆದರೆ ಕೆಳಗಿನದು ಕಾಣುವುದಿಲ್ಲ, ಬರೀ ಖಾಲಿ ಜಾಗ ಉಳಿಯುತ್ತದೆ ಎಂದು ವಿವರಿಸಿದೆ. "ಹಂಗಾರ ನಿನಗ ಪಗಾರ ಯಾತಕ್ಕ ಕೊಡ್ತಾರ?" ಎಂದರು. ಇದೇ ಪ್ರಶ್ನೆ ನಮ್ಮ ಆಫೀಸಿನ ದೊಡ್ಡವರಿಗೆ ಇನ್ನೂ ಹೊಳೆದಿಲ್ಲ, ಹೊಳೆಯದೇ ಇರಲಿ.

ದಸರಾ ಕಳೆದ ಮೇಲೆ ಆಕಾಶ ಬಿಚ್ಚಿತು. ಊರು ಕಾಣಿಸಿತು. ಅತ್ತೆ ನೋಡಿದವರೇ ಕೆನ್ನೆಗೆ ಕೈ ಹಚ್ಚಿದರು. "ಅಯ್ಯ ನಮ್ಮವ್ವಾ! ಎಷ್ಟು ಮೆಣಸಿನಕಾಯಿ ಒಣ ಹಾಕ್ಯಾರ! ಈ ಸರ್ತಿ ಪೀಕು ಲಗೂನ ಬಂದೈತಿ, ಭಾಳ ಜೋರ ಐತಿ." ಊರಿನ ಸುತ್ತ ನೆಲವೆಲ್ಲ ಕೆಂಪೋ ಕೆಂಪು. ನಾನು ಅಭ್ಯಾಸಬಲದಿಂದ ಆಫೀಸಿನ ಬಣ್ಣವನ್ನೇ ಹಾಕಿದ್ದೆ. ಎಲೆಗಳು ನಮ್ಮ ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕನ್ನು ಜೋರಾಗಿ ಹಿಂದಕ್ಕೆ ಕಳಿಸುತ್ತವೆ, ಆ ಬೆಳಕಿಗೆ ಕೆಂಪು ಬಣ್ಣ ಕೊಟ್ಟು ನೋಡುವುದು ನಮ್ಮಲ್ಲಿ ವಾಡಿಕೆ. ಹಾಗಾಗಿ ಈ ಚಿತ್ರದಲ್ಲಿ ಹಸಿರೆಲ್ಲ ಕೆಂಪು. ಹೊಲ ಕೆಂಪು, ಹುಲ್ಲು ಕೆಂಪು, ಮರ ಕೆಂಪು. "ಅಂದ್ರ ಜೀವ ಇದ್ದದ್ದು ಕೆಂಪ" ಎಂದು ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದರು. ನಮ್ಮ ಆಫೀಸಿನಲ್ಲಿ ಹೊಸಬರಿಗೆ ಇದನ್ನು ಹೇಳಿಕೊಡಲು ಅರ್ಧ ದಿನ ತೆಗೆದುಕೊಳ್ಳುತ್ತೇವೆ.

ಗಂಡ ಬಂದು ಗುಡಿ, ಕೆರೆ, ಶಾಲೆ ಹಿಡಿದು ದಾರಿ ಹೇಳಿದರು. ಬೂದುಬಣ್ಣದ ಮನೆಗಳ ನಡುವೆ ಒಂದು ಕಡೆ ಒಂದೇ ಒಂದು ಕೆಂಪು ಚೌಕ ಕಂಡಿತು. ಆ ಉಪಗ್ರಹಕ್ಕೆ ಅದಕ್ಕಿಂತ ಸಣ್ಣದು ಕಾಣುವುದಿಲ್ಲ. ಹರಡಿಕೊಂಡ ಒಂದು ಬೇವಿನ ಮರ ಅದರ ಲೆಕ್ಕದಲ್ಲಿ ಒಂದು ಚೌಕ, ಅಷ್ಟೇ. ಇದು ನಿಮ್ಮ ಮರವೇ ಎಂದು ನಾನು ಖಡಾಖಂಡಿತವಾಗಿ ಹೇಳಲಾರೆ, ಪಕ್ಕದ ಮನೆಯವರ ತೆಂಗೂ ಇರಬಹುದು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಪರದೆಯ ಮೇಲೆ ಬೆರಳಿಟ್ಟಿದ್ದರು. "ಇದ ನೋಡು. ಸ್ವಲ್ಪ ವಾಲಿ ನಿಂತೈತಿ. ಮೊದಲಿಂದಲೂ ಹಂಗ ಅದು." ಚೌಕ ವಾಲುವುದು ಹೇಗೆ? ಆದರೆ ಅವರ ಮುಖ ನೋಡಿದ ಮೇಲೆ ನನಗೂ ಸ್ವಲ್ಪ ವಾಲಿದ ಹಾಗೇ ಕಂಡಿತು. ಅವರು ಬೆರಳು ತೆಗೆಯಲೇ ಇಲ್ಲ. ಕಣ್ಣಲ್ಲಿ ನೀರು ಬಂದದ್ದಕ್ಕೆ ಕಂಪ್ಯೂಟರಿನ ಬೆಳಕನ್ನು ಬೈದರು.

ಅಲ್ಲಿಂದ ಮುಂದೆ ಚಳಿಗಾಲವಿಡೀ ನಮ್ಮ ಮನೆಯಲ್ಲಿ ಹಬ್ಬ. ಹೊಸ ಚಿತ್ರ ಬಂದ ದಿನ ಅತ್ತೆ ಬೇಗ ಸ್ನಾನ ಮಾಡಿ ಕಾಯುತ್ತಿದ್ದರು. ನೋಡಿ, "ಆರಾಮ ಐತಿ" ಎನ್ನುತ್ತಿದ್ದರು. ರೊಟ್ಟಿಯ ಸದ್ದು ಮೊದಲಿನ ಜೋರಿಗೆ ಬಂತು. ಪದ್ಮಮ್ಮನಿಗೂ ಕರೆದು ತೋರಿಸಿದರು. ಪದ್ಮಮ್ಮ ಆ ಚೌಕಕ್ಕೆ ಕೈಮುಗಿದು ಹೋದರು, ದೇವಸ್ಥಾನ ಎಂದುಕೊಂಡರೋ ಏನೋ.

ಶಿವರಾತ್ರಿ ಆದ ಮೇಲೆ ಬಂದ ಚಿತ್ರದಲ್ಲಿ ಆ ಕೆಂಪು ಚೌಕ ಇರಲಿಲ್ಲ. ಅತ್ತೆ ಪೂಜೆಯಲ್ಲಿದ್ದರು, ನಾನೊಬ್ಬಳೇ ನೋಡಿದೆ. ಬೇವಿನ ಎಲೆ ಉದುರುವ ಕಾಲ, ಅದಕ್ಕೇ ಬಣ್ಣ ಇಳಿದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅತ್ತೆ ಬಂದು "ಏನಂತೈತಿ ನಮ್ಮ ಗಿಡ?" ಎಂದಾಗ ನನ್ನ ಬಾಯಿಂದ ಹೊರಟ ಮಾತು, "ಮೋಡ ಅತ್ತೆ, ಏನೂ ಕಾಣ್ತಿಲ್ಲ." ಅತ್ತೆ ಬಾಲ್ಕನಿಗೆ ಹೋಗಿ ಮುಗಿಲು ನೋಡಿದರು. ಮಲ್ಕಾಜ್‌ಗಿರಿಯ ಮೇಲೆ ತೊಳೆದಿಟ್ಟ ಹಾಗೆ ನೀಲಿ ಆಕಾಶ. "ಅಲ್ಲಿ ಇರಬೇಕು ಬಿಡು" ಎಂದು ಒಳಗೆ ಬಂದರು. ಮುಂದಿನ ಸಲವೂ ಮೋಡ ಎಂದೆ. ಯುಗಾದಿ ಬಂತು. ಅತ್ತೆ ಮಾರ್ಕೆಟ್ಟಿನಲ್ಲಿ ಬೇವಿನ ಹೂ ಕೊಂಡು ತಂದು, "ರೊಕ್ಕಾ ಕೊಟ್ಟು ಬೇವು ತರೂ ಹಂಗಾತು" ಎಂದು ತಮಗೆ ತಾವೇ ಅಂದುಕೊಂಡರು. ಎಲ್ಲ ಬೇವೂ ಚಿಗುರಿ ನಿಲ್ಲುವ ಕಾಲ ಅದು. ಚಿತ್ರ ತೆರೆದರೆ ಆ ಜಾಗದಲ್ಲಿ ಹೊಸ ತಗಡಿನ ಬಿಳಿ ಹೊಳಪು. ಗೋದಾಮು ಎದ್ದಿತ್ತು. ಆಗಲೂ ನಾನು ಹೇಳಿದ್ದು ಮೋಡ ಎಂದೇ. ಆ ಬೆರಳು ಪರದೆಯ ಮೇಲೆ ಎಲ್ಲಿ ನಿಲ್ಲಬೇಕು ಎಂದು ಹುಡುಕುವುದನ್ನು ನಾನು ನೋಡಲಾರದವಳಾಗಿದ್ದೆ.

ಆ ದಿನ ಸಂಜೆ ಅತ್ತೆ ಹಾವೇರಿಯಲ್ಲಿರುವ ತಮ್ಮ ತಂಗಿಗೆ ಹಬ್ಬದ ಫೋನು ಮಾಡಿದರು. ಕಿವಿ ಸ್ವಲ್ಪ ಮಂದ, ಹಾಗಾಗಿ ಸ್ಪೀಕರು. ಮನೆಯ ಸುದ್ದಿ ಕೇಳುವಂತಿಲ್ಲ, ಹವಾಮಾನ ಕೇಳಬಹುದಲ್ಲ. "ಆ ಕಡೆ ಮ್ವಾಡ ಭಾಳ ಐತೇನ?" ಎಂದರು. ಆ ಕಡೆಯಿಂದ ನಗು ಕೇಳಿಸಿತು. "ಎಲ್ಲಿ ಮ್ವಾಡ ಅಕ್ಕಾ? ತಿಂಗಳಾತು, ಒಂದು ತುಣುಕು ಸೈತ ಇಲ್ಲ. ಸಂಡಿಗಿ, ಹಪ್ಪಳ ಎಲ್ಲಾ ಗರಿಗರಿ ಒಣಗಾಕತ್ತಾವ." ನಾನು ಎದುರಿಗೇ ಕೂತು ಬಟ್ಟೆ ಮಡಿಚುತ್ತಿದ್ದೆ. ಒಂದೇ ಟವೆಲನ್ನು ಎಷ್ಟು ಸಲ ಮಡಿಚಿದೆನೋ. ಅತ್ತೆ ನನ್ನ ಕಡೆ ನೋಡಲಿಲ್ಲ. "ಹೌದೇನ, ಚಲೋ ಆತು" ಎಂದು ಫೋನು ಇಟ್ಟರು.

ಮೋಡದ ಮಾತು ಮತ್ತೆ ಎತ್ತಿದವರು ಮೊನ್ನೆ ನನ್ನ ಗಂಡ, ಪಾಪ, ಅವರಿಗೆ ಇದ್ಯಾವುದೂ ಗೊತ್ತಿಲ್ಲ. ಪೇಪರು ಓದುತ್ತಿದ್ದವರು ಉತ್ಸಾಹದಿಂದ ತಲೆ ಎತ್ತಿದರು. "ಅವ್ವಾ, ಇಲ್ಲಿ ಕೇಳು. ನಮ್ಮವರು ಹೊಸಾದೊಂದು ಉಪಗ್ರಹ ಬಿಟ್ಟಾರಲ್ಲ, ರೇಡಾರಿಂದು, ಅದು ಚಿತ್ರಾ ಕಳಸಾಕತ್ತೈತಂತ. ರಾತ್ರಿ ಇರಲಿ, ಮ್ವಾಡ ಇರಲಿ, ಅದಕ್ಕ ಎಲ್ಲಾ ಕಾಣತೈತಿ. ಇನ್ನ ನಿನ್ನ ಗಿಡಕ್ಕ ಮ್ವಾಡದ ಕಾಟ ಇಲ್ಲ ತಗೋ! ಸುಮಾ, ಅದನ್ನ ತಗದು ತೋರಸು ಅವ್ವಗ."

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಲ್ಲೇ ನಿಂತೆ. ನನ್ನ ಹೊಟ್ಟೆಪಾಡೇ ಮೋಡ, ಅದನ್ನೇ ಲೆಕ್ಕಕ್ಕೆ ಇಡದ ಉಪಗ್ರಹ ಬಂದಿದೆ ಎಂಬ ಚಿಂತೆ ಆ ಕ್ಷಣದಲ್ಲಿ ನನಗೆ ಇರಲಿಲ್ಲವೆಂದು ಪ್ರಮಾಣ ಮಾಡಿ ಹೇಳುತ್ತೇನೆ.

ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ತಲೆ ಎತ್ತದೆ ಒಂದು ಕಲ್ಲು ಆರಿಸಿ ಪಕ್ಕಕ್ಕೆ ಇಟ್ಟರು. "ಎಲ್ಲಾ ಕಾಣೂದು ಯಾಕ ಬೇಕೋ? ಅಲ್ಲಿ ಇರಾವ್ರಿಗೆ ಬರಕತ್ತ ಆಗಲಿ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ದನಿ ಬಹಳ ಮೆತ್ತಗಿತ್ತು. "ಸುಮಾ, ಆಫೀಸಿನ್ಯಾಗಿನ ಮ್ವಾಡ ಎಷ್ಟ ಬೇಕಾದ್ರ ತೆಗಿಯವಾ. ನಮ್ಮೂರ ಮ್ಯಾಲಿಂದು ಮಾತ್ರ ತೆಗಿಬ್ಯಾಡ. ಅದರ ಕೆಳಗ ನನ್ನ ಗಿಡ ಐತಿ."

ಮೋಡ ತೆಗೆಯುವುದಕ್ಕೆ ಸಂಬಳ ತೆಗೆದುಕೊಳ್ಳುವವಳು ನಾನು. ಈಗ ಮನೆಯಲ್ಲಿ, ಸಂಬಳವಿಲ್ಲದೆ, ಒಂದು ಮೋಡವನ್ನು ಕಾಯುತ್ತಿದ್ದೇನೆ.