ಎಲ್ಲವನ್ನೂ ಕೇಳಿಸುವ ಸ್ಪೀಕರ್

"ಈ ಮನೆಯಲ್ಲಿ ಹೊಸ ಸ್ಪೀಕರ್ ಆರಿಸೋ ಯೋಗ್ಯತೆ ಇರೋದು ಎರಡೇ ಎರಡು ಕಿವಿಗೆ. ಎರಡೂ ನನ್ನ ತಲೆಗೇ ಅಂಟಿಕೊಂಡಿವೆ," ಎಂದು ಯಜಮಾನರು ಒಂದು ಭಾನುವಾರ ಬೆಳಿಗ್ಗೆ ಘೋಷಿಸಿದರು.

ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಅವರು ಇಪ್ಪತ್ತಾರು ವರ್ಷದಿಂದ ಲಿಫ್ಟ್ ರಿಪೇರಿ ಮಾಡುತ್ತಿರುವವರು. ಹನ್ನೊಂದು ಮಹಡಿಯ ಕಟ್ಟಡದ ಬುಡದಲ್ಲಿ ನಿಂತು, ಲಿಫ್ಟಿನ ಬಾಗಿಲಿಗೆ ಕಿವಿಯೊಡ್ಡಿ, "ಮೇಲಿನ ಚಕ್ರದ ಬೇರಿಂಗ್ ಹೋಗಿದೆ, ಎಡಗಡೆಯದು" ಎಂದರೆ ಮುಗಿಯಿತು. ಹತ್ತಿ ಬಿಚ್ಚಿ ನೋಡಿದರೆ ಎಡಗಡೆಯದೇ ಹೋಗಿರುತ್ತಿತ್ತು. ಕಂಪನಿಗೆ ಬೇರಿಂಗ್ ಪರೀಕ್ಷಿಸುವ ಹೊಸ ಯಂತ್ರ ಬಂದಾಗ, ಯಂತ್ರ ಸರಿಯಿದೆಯೇ ಎಂಬುದನ್ನು ಮೊದಲು ಇವರ ಕಿವಿಯಿಂದಲೇ ಪರೀಕ್ಷಿಸಿದರಂತೆ. ಇದನ್ನು ಹೇಳಿದವರೂ ಅವರೇ. ಇಂಥ ಮಹಾಕಿವಿಗೆ ಹೆಂಡತಿ ಅಡುಗೆಮನೆಯಿಂದ ಮೂರು ಸಲ ಕರೆದರೂ ಕೇಳಿಸುತ್ತಿರಲಿಲ್ಲ ಎಂಬುದು ಬೇರೆ ಮಾತು.

ಹಾಲ್‌ನಲ್ಲಿದ್ದ ಹಳೆಯ ಸ್ಪೀಕರುಗಳಿಗೆ ವಯಸ್ಸಾಗಿತ್ತು. ಎಡಗಡೆಯದರ ಒಳಗಿನ ಕಾಗದ ಹರಿದು, ಅದಕ್ಕೆ ಟೇಪು ಅಂಟಿಸಿ, ಆ ಟೇಪಿನ ಮೇಲೆ ಇನ್ನೊಂದು ಟೇಪು ಅಂಟಿಸಿ, ಈಗ ಯಾರು ಹಾಡಿದರೂ ನೆಗಡಿಯಾದವರು ಹಾಡಿದಂತೆ ಕೇಳುತ್ತಿತ್ತು. ಬೇರೆಯವರ ಹಾಡು ಹಾಳಾದರೆ ಯಜಮಾನರು ಸಹಿಸಿಕೊಳ್ಳುತ್ತಿದ್ದರೇನೋ. ಹಾಳಾಗುತ್ತಿದ್ದದ್ದು ಅವರದೇ ಹಾಡು.

ಈ ಹಾಡಿನ ಕತೆ ಹೇಳಲೇಬೇಕು. ಇಪ್ಪತ್ತೆರಡು ವರ್ಷದ ಹಿಂದೆ ಅವರು ಒಂದು ದೊಡ್ಡ ಆಫೀಸ್ ಕಟ್ಟಡದ ಲಿಫ್ಟ್ ನೋಡಿಕೊಳ್ಳುತ್ತಿದ್ದರು. ಕಟ್ಟಡಕ್ಕೆ ಹತ್ತು ವರ್ಷ ತುಂಬಿತೆಂದು ಸಮಾರಂಭವಾಯಿತು. ಅದರಲ್ಲಿ ಇವರು ಹಾಡಿದರು. ಸಭೆಯಲ್ಲಿ ಆ ಕಟ್ಟಡದ ಮುಂಬಾಗಿಲ ಕೌಂಟರಿನಲ್ಲಿ ಕೂರುತ್ತಿದ್ದ ಇಬ್ಬರು ಹುಡುಗಿಯರಿದ್ದರು. ಮೂರು ತಿಂಗಳಲ್ಲಿ ಒಬ್ಬಳು ಇವರ ಹೆಂಡತಿಯಾದಳು. ಮುಂದಿನ ವರ್ಷ ಇನ್ನೊಬ್ಬಳು ಇವರ ತಮ್ಮನ ಹೆಂಡತಿಯಾದಳು.

"ಆ ಒಂದು ಹಾಡಿಗೆ ಮನಸೋತಳು, ನೋಡಿ," ಎಂದು ಯಜಮಾನರು ಹೊಸ ನೆರೆಯವರಿಗೆ ಹೇಳುತ್ತಿದ್ದರು, ಮಗಳ ಸ್ನೇಹಿತೆಯರಿಗೆ ಹೇಳುತ್ತಿದ್ದರು, ನಲ್ಲಿ ರಿಪೇರಿಗೆ ಬಂದವನನ್ನೂ ಕೂರಿಸಿಕೊಂಡು ಹೇಳುತ್ತಿದ್ದರು. ಈ ಮಾತು ಬಂದಾಗಲೆಲ್ಲ ಹೆಂಡತಿ ಎದ್ದು ಒಲೆ ನೋಡಲು ಹೋಗುತ್ತಿದ್ದಳು. ಅದು ನಾಚಿಕೆ ಎಂದು ಅವರು ನಂಬಿದ್ದರು.

ಸಾಕ್ಷಿಗೆ ಕ್ಯಾಸೆಟ್ ಇತ್ತು. ಆ ದಿನ ಅವರ ತಮ್ಮನೇ ಮೂರನೇ ಸಾಲಿನ ಒಂದು ಖಾಲಿ ಕುರ್ಚಿಯ ಮೇಲೆ ಟೇಪ್ ರೆಕಾರ್ಡರ್ ಇಟ್ಟು ರೆಕಾರ್ಡ್ ಮಾಡಿದ್ದು. ಈಚೆಗೆ ಮಗಳು ಅದನ್ನು ಪೆನ್ ಡ್ರೈವಿಗೆ ಹಾಕಿಕೊಟ್ಟಿದ್ದಳು. ಹಳೆಯ ಸ್ಪೀಕರಿನಲ್ಲಿ ಹಾಡಿನ ಹಿಂದೆ ಏನೋ ಗುಜುಗುಜು ಕೇಳುತ್ತಿತ್ತು. "ಅದು ಸಭೆಯ ನಿಟ್ಟುಸಿರು," ಎನ್ನುತ್ತಿದ್ದರು ಯಜಮಾನರು. ಆ ನಿಟ್ಟುಸಿರನ್ನು ಸ್ಪಷ್ಟವಾಗಿ ಕೇಳಬೇಕೆಂಬುದೇ ಅವರ ಜೀವನದ ಆಸೆಯಾಗಿತ್ತು.

ಶನಿವಾರ ಮಧ್ಯಾಹ್ನ ಗಂಡ, ಹೆಂಡತಿ, ಮಗಳು ಮೂವರೂ ಸ್ಪೀಕರ್ ಅಂಗಡಿಗೆ ಹೋದರು. ದಪ್ಪ ಪರದೆ ಹಾಕಿದ ಕೋಣೆ, ನಡುವೆ ಒಂದು ಸೋಫಾ. ಅಂಗಡಿಯವನು ತಾಳ್ಮೆಯ ಮನುಷ್ಯ. ಪಿಟೀಲು ಹಾಕಲೇ, ತಬಲಾ ಹಾಕಲೇ ಎಂದು ಕೇಳಿದ. ಯಜಮಾನರು ಜೇಬಿನಿಂದ ಪೆನ್ ಡ್ರೈವ್ ತೆಗೆದರು.

ಹಾಡು ಶುರುವಾಯಿತು. ಅಂಗಡಿಯವನು ಒಂದು ಚರಣ ಕೇಳಿದ.

"ಹಾಡಿರೋರು ಯಾರು ಸಾರ್?"

"ನೀವೇ ಹೇಳಿ ನೋಡೋಣ."

ಅಂಗಡಿಯವನು ಯಜಮಾನರ ಮುಖ ನೋಡಿ ಹುಷಾರಾದ. "ಉತ್ಸಾಹ ಬಹಳ ಚೆನ್ನಾಗಿದೆ ಸಾರ್," ಎಂದ.

ಮೊದಲನೆಯ ಜೊತೆ ಸ್ಪೀಕರಿನಲ್ಲಿ ಒಂದು ಕೆಮ್ಮು ಕೇಳಿಸಿತು. ಯಜಮಾನರು ಸೋಫಾದಿಂದ ಅರ್ಧ ಎದ್ದರು. ಇಷ್ಟು ವರ್ಷ ಈ ಕೆಮ್ಮು ಎಲ್ಲಿ ಅಡಗಿತ್ತು? ಎರಡನೆಯ ಜೊತೆಯಲ್ಲಿ ಕುರ್ಚಿ ಎಳೆದ ಸದ್ದು, ಬಾಗಿಲು ಕಿರ್ರೆಂದ ಸದ್ದು ಎಲ್ಲ ಬಂತು. "ಹಿಂದಿನ ಬಾಗಿಲು. ಮೇಲಿನ ಕೀಲಿಗೆ ಎಣ್ಣೆ ಇಲ್ಲ," ಎಂದು ಅವರು ಇಪ್ಪತ್ತೆರಡು ವರ್ಷ ತಡವಾಗಿ ರೋಗ ಪತ್ತೆಹಚ್ಚಿದರು. ಅದರ ಬೆನ್ನಿಗೇ ಎರಡು ಹೆಣ್ಣು ದನಿಗಳ ಪಿಸಪಿಸ ಕೇಳಿತು. ಮಾತು ಇನ್ನೂ ಬಿಡಿಯಾಗಿ ತಿಳಿಯುತ್ತಿರಲಿಲ್ಲ.

ಅಲ್ಲಿಯವರೆಗೆ ಫೋನು ನೋಡುತ್ತ ಕೂತಿದ್ದ ಹೆಂಡತಿ ತಟ್ಟನೆ ತಲೆಯೆತ್ತಿದಳು.

"ಇದು ಬೇಡ. ಮೊದಲನೇದೇ ಚೆನ್ನಾಗಿದೆ," ಎಂದಳು.

"ನಿನಗೆ ಸ್ಪೀಕರ್ ಬಗ್ಗೆ ಯಾವಾಗಿಂದ ಅಭಿಪ್ರಾಯ?"

"ಈಗ ಐದು ನಿಮಿಷದಿಂದ. ನಿಜ ಹೇಳ್ಬೇಕಂದ್ರೆ ನಮ್ಮ ಹಳೇದೇ ಚೆನ್ನಾಗಿತ್ತು. ಅದಕ್ಕೆ ಇನ್ನೊಂದು ಟೇಪು ಅಂಟಿಸಿದ್ರೆ ಆಯ್ತು."

ಅಂಗಡಿಯವನೂ ದನಿ ಸೇರಿಸಿದ. "ಅಮ್ಮ ಹೇಳೋದ್ರಲ್ಲೂ ಅರ್ಥ ಇದೆ ಸಾರ್. ಕೆಲವು ಹಳೇ ರೆಕಾರ್ಡಿಂಗಿಗೆ ಸ್ವಲ್ಪ ಮಂದ ಸ್ಪೀಕರೇ ಒಳ್ಳೇದು."

"ಮುಚ್ಚಿಡೋ ಸ್ಪೀಕರ್ ನನಗೆ ಬೇಡ. ಆ ಸಭೆಯಲ್ಲಿ ಸೂಜಿ ಬಿದ್ದಿದ್ರೂ ನನಗೆ ಕೇಳಿಸ್ಬೇಕು."

ಮೂರನೆಯ ಜೊತೆ ಮಗಳ ಭುಜದೆತ್ತರ ಇತ್ತು. ಅದರಲ್ಲಿ ಹಾಡು ಶುರುವಾಗಿ ಕೆಮ್ಮು ದಾಟಿತ್ತಷ್ಟೆ, ಹೆಂಡತಿಯ ಕೈಚೀಲ ವೈರಿಗೆ ಸಿಕ್ಕಿ ಪ್ಲಗ್ಗು ಕಿತ್ತು ಬಂತು. ಮತ್ತೆ ಹಾಕಿದರು. ಕುರ್ಚಿ ಎಳೆದ ಸದ್ದಿನ ಹೊತ್ತಿಗೆ ಅವಳೇ ವೈರಿಗೆ ಎಡವಿದಳು. ಇವಳ ಕನ್ನಡಕ ಬದಲಾಯಿಸಬೇಕು ಎಂದುಕೊಂಡರು ಯಜಮಾನರು. ಪೂರ್ತಿ ಕೇಳದಿದ್ದರೂ ಚಿಂತೆಯಿಲ್ಲ. ಕೆಮ್ಮಿದವನ ಗಂಟಲಿನ ಯಾವ ಕಡೆ ನೋವಿತ್ತು ಎಂಬುದೂ ಅದರಲ್ಲಿ ತಿಳಿಯುತ್ತಿತ್ತು. ಮೂರನೆಯದೇ ಆಗಲಿ ಎಂದರು.

ಮುಂದಿನ ಭಾನುವಾರದೊಳಗೆ ಮನೆ ಅಡಿಮೇಲಾಯಿತು. ಹಾಲ್‌ನ ಬೀರು ಮಲಗುವ ಕೋಣೆಗೆ ಹೋಯಿತು. ಮಗಳ ಓದುವ ಮೇಜು ಬಾಲ್ಕನಿಗೆ ಹೋಯಿತು. ಯಜಮಾನರು ಲಿಫ್ಟಿನ ಹಳಿ ಅಳೆಯುವ ಮಟ್ಟಗೋಲು ತಂದು, ಸ್ಪೀಕರುಗಳನ್ನು ಕೂದಲೆಳೆಯಷ್ಟೂ ವಾಲದ ಹಾಗೆ ನಿಲ್ಲಿಸಿದರು. ಹನ್ನೊಂದು ಗಂಟೆಗೆ ಉದ್ಘಾಟನೆ ಎಂದು ತಮ್ಮನನ್ನೂ ಅವನ ಹೆಂಡತಿಯನ್ನೂ ಕರೆದಿದ್ದರು.

"ಮೊದಲು ಬೇರೆ ಏನಾದ್ರೂ ಹಾಕಿ," ಎಂದಳು ಹೆಂಡತಿ.

"ಉದ್ಘಾಟನೆ ಅಂದ್ರೆ ಅದೇ ಹಾಡು."

"ವಾರ್ತೆ ಕೇಳೋಣ. ಎಷ್ಟು ದಿನ ಆಯ್ತು ವಾರ್ತೆ ಕೇಳಿ."

ಯಜಮಾನರು ಗುಂಡಿ ಒತ್ತಿದರು. ಹೆಂಡತಿ ಅಡುಗೆಮನೆಗೆ ಹೋಗಿ ಖಾಲಿ ಮಿಕ್ಸಿ ತಿರುಗಿಸಲು ಶುರುಮಾಡಿದಳು. ಮಗಳು ಹೋಗಿ ಅದನ್ನು ಆರಿಸಿ ಅಮ್ಮನನ್ನು ಕೈಹಿಡಿದು ಕರೆತಂದಳು. ಅಷ್ಟರಲ್ಲಿ ಕೆಮ್ಮು ಆಗಿತ್ತು, ಕುರ್ಚಿ ಆಗಿತ್ತು, ಬಾಗಿಲೂ ಆಗಿತ್ತು. ಯಜಮಾನರು ಒಂದು ಬೆರಳೆತ್ತಿ, "ಈಗ ನಿಟ್ಟುಸಿರು," ಎಂದರು.

ಸೋಫಾದ ತುದಿಯಲ್ಲಿ ಯಾರೋ ಬಂದು ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಸ್ಪೀಕರ್ ನುಡಿಯಿತು:

"ಯಾರೇ ಇದು, ಹೀಗೆ ಅರಚ್ತಿರೋದು?"

"ಅಯ್ಯೋ, ಅದು ನಾನೇ!" ಎಂದು ತಮ್ಮನ ಹೆಂಡತಿ ಸಂಭ್ರಮದಿಂದ ಎದ್ದು ನಿಂತಳು. "ನನ್ನ ದನಿ ಆಗ ಎಷ್ಟು ಎಳೇದಾಗಿತ್ತು ನೋಡಿ..." ಆಮೇಲೆ ತಾನು ಏನಂದೆ ಎಂಬುದು ಅವಳಿಗೆ ಹೊಳೆಯಿತು. ಮೆಲ್ಲನೆ ಕೂತಳು.

ಎರಡನೆಯ ದನಿಯನ್ನು ಗುರುತಿಸಲು ಲಿಫ್ಟ್ ಕಿವಿಯೇನೂ ಬೇಕಾಗಿರಲಿಲ್ಲ.

"ಆ ಲಿಫ್ಟಿನವನು ಕಣೇ. ಪಾಪ, ಲಿಫ್ಟ್ ಚೆನ್ನಾಗಿ ರಿಪೇರಿ ಮಾಡ್ತಾನೆ."

"ಇನ್ನೂ ಎಷ್ಟಿದೆಯಂತೆ?"

"ಎರಡು ಚರಣ ಆದ್ರೂ ಇರುತ್ತೆ. ಮುಖ ನೋಡು ಅವನದು, ನಿಲ್ಲಿಸೋ ಹಾಗೆ ಕಾಣ್ಸಲ್ಲ."

ಆ ಕಾಲದ ಯಜಮಾನರು ಇದೊಂದೂ ತಿಳಿಯದೆ ಅಲ್ಲೇ ತಾರಸ್ಥಾಯಿಗೆ ಏರಿದರು. ಈ ಕಾಲದ ಯಜಮಾನರು ಇಂಗು ತಿಂದ ಮಂಗನಂತೆ ಸೋಫಾದಲ್ಲಿ ಇಳಿಯುತ್ತ ಹೋದರು. ತಮ್ಮ ಫ್ಯಾನ್ ನೋಡತೊಡಗಿದ. ಮಗಳು ದಿಂಬಿಗೆ ಮುಖ ಒತ್ತಿಕೊಂಡಳು. ದಿಂಬಿನೊಳಗಿಂದಲೇ, "ಕ್ಲಾರಿಟಿ ಮಾತ್ರ ಸೂಪರ್ ಅಪ್ಪ," ಎಂದಳು.

ಯಜಮಾನರು ಗುಂಡಿ ಒತ್ತಿ ಹಾಡು ನಿಲ್ಲಿಸಿದರು. ತಮ್ಮನಿಗೆ ತಕ್ಷಣ ಯಾವುದೋ ಕೆಲಸ ನೆನಪಾಯಿತು. ಅವನ ಹೆಂಡತಿ ಚಪ್ಪಲಿ ಮೆಟ್ಟುವಾಗ, "ಭಾವ, ನನಗೆ ಆವತ್ತು ಜ್ವರ ಇತ್ತು," ಎಂದು ಹೇಳಿ ಹೋದಳು. ಮಗಳು ಬಾಲ್ಕನಿಯ ಮೇಜಿಗೆ ಓದಲು ಹೊರಟಳು. ಹಾಲ್‌ನಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು.

ಅವರಿಗೆ ನಿಜವಾಗಿಯೂ ದುಃಖವಾಗಿತ್ತು. ನಲ್ಲಿಯವನಿಗೂ ಹೇಳಿಬಿಟ್ಟಿದ್ದ ಕತೆ. ಜೀವನದಲ್ಲಿ ತಾನು ಒಂದೇ ಒಂದು ಸಲ ಒಬ್ಬಳ ಮನಸ್ಸು ಗೆದ್ದೆ ಎಂದುಕೊಂಡಿದ್ದರು, ಅದೂ ಇಲ್ಲದಾಯಿತು.

"ಇಪ್ಪತ್ತೆರಡು ವರ್ಷ," ಎಂದರು. "ಒಂದು ಸಲ ಹೇಳಬಹುದಿತ್ತು."

"ಹೇಗೆ ಹೇಳ್ಲಿ? ಅಷ್ಟು ಖುಷಿಯಾಗಿ ಹೇಳ್ಕೊಂಡು ಬರ್ತಿದ್ರಿ. ಕೇಳೋಕಾಗದೆ ನಾನು ಎದ್ದು ಹೋಗ್ತಿದ್ದೆ."

"ಹಾಗಾದ್ರೆ ಹಾಡಿಗೆ ಅಲ್ಲ."

"ಅಲ್ಲ."

"ಮತ್ತೆ ಯಾಕೆ ಮದುವೆ ಆದೆ?"

ಹೆಂಡತಿ ಪಕ್ಕದಲ್ಲಿ ಬಂದು ಕೂತಳು. "ಆ ಸಮಾರಂಭ ಆದ ಮುಂದಿನ ವಾರ ನಾನು ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೆ. ಆರನೇ ಮಹಡಿಗೂ ಏಳನೇದಕ್ಕೂ ಮಧ್ಯೆ, ಮುಕ್ಕಾಲು ಗಂಟೆ. ನೆನಪಿದೆಯಾ?"

"ಇಲ್ದೆ ಏನು. ಬ್ರೇಕಿನ ಕಾಯಿಲ್ ಸುಟ್ಟಿತ್ತು."

"ಕಾಯಿಲ್ ಬಿಡಿ. ಒಳಗೆ ಕತ್ತಲೆ, ನನಗೆ ಅಳುನೇ ಬಂದ್ಬಿಟ್ಟಿತ್ತು. ನೀವು ಹೊರಗಿಂದ ಬಾಗಿಲ ಸಂದಿಗೆ ಬಾಯಿಟ್ಟು, 'ಹೆದರ್ಬೇಡಿ, ಧೈರ್ಯಕ್ಕೆ ಒಂದು ಹಾಡು ಹೇಳ್ಲಾ' ಅಂತ ಕೇಳಿದ್ರಿ."

ಯಜಮಾನರ ಮುಖ ನಿಧಾನವಾಗಿ ಅರಳಿತು. "ಹಾಡಿದ್ನಾ?"

"ಇಲ್ಲ. ನಾನು ಬೇಡ ಅಂದೆ. 'ಸರಿ' ಅಂತ ಸುಮ್ನಾಗ್ಬಿಟ್ರಿ," ಎಂದಳು ಹೆಂಡತಿ. "ಬೇಡ ಅಂದ ತಕ್ಷಣ ಸುಮ್ನಾಗೋ ಗಂಡಸು ಎಲ್ಲಿ ಸಿಗ್ತಾನೆ? ಕೈಬಿಡಬಾರದು ಅಂತ ಅಲ್ಲೇ, ಆ ಲಿಫ್ಟಲ್ಲೇ ತೀರ್ಮಾನ ಮಾಡ್ಬಿಟ್ಟೆ."