ಸ್ಕಾಟ್ಲೆಂಡಿನ ಬೈಗುಳ, ಕಡೂರಿನ ಟವಲ್

ಸೋತ ಚರ್ಚೆ ಹೊಸ ಚಪ್ಪಲಿಯಂತೆ. ಮನೆ ತಲುಪುವವರೆಗೂ ಕಚ್ಚುತ್ತದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳಲ್ಲಿ ಅಮ್ಮ ಈಗ ಸಾಸಿವೆ, ಮೆಂತ್ಯ ತುಂಬಿಟ್ಟಿದ್ದಾಳೆ. ಆದರೂ "ಪುರಾವೆ ಎಲ್ಲಿ?" ಎನ್ನುವ ಚಟ ನನ್ನನ್ನು ಬಿಟ್ಟಿಲ್ಲ.

ಮೊನ್ನೆ ಕಡೂರು ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡಮ್ಮನ ಮಗಳು ಶ್ರುತಿ, "ಬಸ್ ಲೇಟು" ಎಂದಳು. "ಅಲ್ಲ, ನಾವು ಬೇಗ ಬಂದಿದೀವಿ" ಎಂದೆ. ಇಂಗ್ಲಿಷ್ ಎಂ.ಎ. ಓದುತ್ತಿರುವ ಅವಳು ನನ್ನನ್ನು "ಥ್ರಾನ್" ಎಂದುಬಿಟ್ಟಳು. ಸ್ಕಾಟ್ಲೆಂಡಿನ ಆಡುಮಾತಂತೆ, ಏನೆಂದರೂ ಅಡ್ಡ ಮಾತಾಡುವ ಮೊಂಡ ಎಂದರ್ಥವಂತೆ. ಬೈಗುಳಕ್ಕೆ ನನ್ನ ತಕರಾರಿಲ್ಲ. ಆದರೆ ಮೊಬೈಲಿನಲ್ಲಿ ಬರೆದು ತೋರಿಸಿದಾಗ ಪದದ ನಡುವೆ ಒಂದು ಡಬ್ಲ್ಯೂ ಕೂತಿತ್ತು. "ಬಾಯೇ ಬಿಡದ ಇವನಿಗ್ಯಾಕೆ ಜಾಗ?" ಎಂದೆ. "ನಿನ್ ಹಂಗೆ ಬಾಯ್ ಬಡ್ಕೊಳೋರಿಗೇ ಕೊಡ್ಬೇಕೇನೋ?" ಎಂದಳು. ಮೂಲ ಕೇಳಿದೆ. ಇಂಗ್ಲಿಷಿನ 'ಥ್ರೋ' ಇದರ ದಾಯಾದಿಯಂತೆ. ಈಗ ಎಸೆ ಎಂಬ ಅರ್ಥ ಕೊಡುವ ಆ ಪದಕ್ಕೆ ಹಿಂದೆ ತಿರುಚು ಎಂಬ ಅರ್ಥವಿತ್ತಂತೆ, ತಿರುಚಿಕೊಂಡವನೇ ಥ್ರಾನ್.

"ತಿರುಚೋದಕ್ಕೂ ಎಸೆಯೋದಕ್ಕೂ ಏನೇ ಸಂಬಂಧ? ಪುರಾವೆ ಕೊಡು."

ಅಷ್ಟರಲ್ಲಿ ಪಕ್ಕದಲ್ಲೇ ನಿಂತಿದ್ದ ದೊಡ್ಡಮ್ಮ ನನ್ನ ಕೈಗೆ ಟವಲ್ ತುರುಕಿದರು. ಕಿಟಕಿಯಿಂದ ಮೊದಲು ಟವಲ್ ಹಾಕಿದವರದೇ ಸೀಟು ಎಂಬುದು ನಮ್ಮಲ್ಲಿ ಯಾವ ಕೋರ್ಟೂ ಮುಟ್ಟದ ಕಾನೂನು. ಕಿಟಕಿ ಪಕ್ಕ ಸಿಗದಿದ್ದರೆ ಬೀರೂರು ದಾಟುವಷ್ಟರಲ್ಲಿ ದೊಡ್ಡಮ್ಮನ ಬೆಳಗಿನ ಉಪ್ಪಿಟ್ಟು ಹೊರಬರುತ್ತದೆ. ಹೋದ ಸಲ ಅದು ನನ್ನ ಮಡಿಲಿಗೇ ಬಂದಿತ್ತು. "ಲೇ, ಅಜ್ಜಂಪುರದ ಬಸ್ ಬಂತು ಕಣೋ! ಮಾತು ಆಮೇಲಾಡು, ಟವಲ್ ಹಾಕು!"

ಓಡಿದೆ, ಎಸೆದೆ. ಟವಲ್ ಗಾಳಿಗೆ ಬಿಚ್ಚಿಕೊಂಡು ಕಿಟಕಿಯ ಕಂಬಿಗೆ ಬಡಿದು ನನ್ನ ಮುಖಕ್ಕೇ ಬಿತ್ತು. ಅಕ್ಕಪಕ್ಕದ ಕಿಟಕಿಗಳಲ್ಲಿ ಬೇರೆಯವರ ಟವಲು, ಚೀಲ, ಕೊನೆಗೆ ಒಂದು ಹೂಕೋಸೂ ಒಳಗೆ ಹೋಗಿ ಸೀಟು ಹಿಡಿದವು. ಗಾಬರಿಯಲ್ಲಿ ಟವಲನ್ನು ಹಗ್ಗದಂತೆ ತಿರುಚಿ ಬೀಸಿದೆ. ಕಂಬಿಗಳ ನಡುವೆ ಹಾವಿನಂತೆ ನುಸುಳಿ ಸೀಟಿನ ಮೇಲೆ ಬಿತ್ತು.

ಹಿಂದಿನಿಂದ ಶ್ರುತಿಯ ಚಪ್ಪಾಳೆ. "ತಿರುಚಿದೆ, ಎಸೆದೆ. ಪುರಾವೆ ಸಾಕೇನಪ್ಪಾ?"

"ಒಂದು ಟವಲಿಂದ ಸಿದ್ಧಾಂತ ಸಾಬೀತಾಗಲ್ಲ ಕಣೇ."

ದೊಡ್ಡಮ್ಮ ಕಿಟಕಿಗೆ, ಶ್ರುತಿ ಅವರ ಪಕ್ಕಕ್ಕೆ ಕೂತರು. ಉಳಿದ ಒಂದೇ ಜಾಗದ ಮೇಲೆ ಶ್ರುತಿ ತನ್ನ ಬ್ಯಾಗ್ ಇಟ್ಟಳು. "ಒಪ್ಕೊಂಡೆ ಅನ್ನು, ತೆಗೀತೀನಿ."

"ಹೂಂ ಅಂದು ಕೂತ್ಕೊಳೋ, ಕಾಲು ನೋಯುತ್ತೆ" ಎಂದರು ದೊಡ್ಡಮ್ಮ, ಕಿಟಕಿಯ ಗಾಳಿಗೆ ಮುಖವೊಡ್ಡಿ.

ನಾನೇನೂ ಥ್ರಾನ್ ಅಲ್ಲ. ಅದನ್ನು ಸಾಬೀತು ಮಾಡಲೆಂದೇ ಅಜ್ಜಂಪುರದವರೆಗೂ ನಿಂತುಕೊಂಡು ಹೋದೆ.