ಮೂವತ್ತೆಂಟು ಮರಿ ಕಮ್ಮಿ

ಫಜೀತಿಯೆಲ್ಲ ಶುರುವಾದದ್ದು ಒಂದು ಕಳೆಯುವ ಲೆಕ್ಕದಿಂದ. ಕಡಲ ನಡುವಿನ ಬಂಡೆಯ ಮೇಲೆ ಕಳೆದ ವಾರ ನೂರಾ ಹನ್ನೆರಡು ಕಡಲಹಕ್ಕಿ ಮರಿಗಳಿದ್ದವು. ಈ ವಾರದ ಪಟ್ಟಿಯಲ್ಲಿ ಎಪ್ಪತ್ತನಾಲ್ಕು. ಎಣಿಸಿದವನು ಹಕ್ಕಿ ಕಚೇರಿಯ ಗುಮಾಸ್ತ. ದಡದ ಮೇಲಿನ ಕಿಟಕಿಯಲ್ಲಿ ಕೂತು ದುರ್ಬೀನಿನಿಂದ ಎಣಿಸುವುದು ಅವನ ಪದ್ಧತಿ. ದೋಣಿ ಕಂಡರೇ ಪುಣ್ಯಾತ್ಮನ ಹೊಟ್ಟೆ ತೊಳಸುತ್ತಿತ್ತು.

“ಮೂವತ್ತೆಂಟು ಮರಿ ಎಲ್ಲಿ ಹೋದ್ವಯ್ಯಾ?” ಎಂದರು ಸಾಹೇಬರು. ರಸ್ತೆ ಇಲಾಖೆಯಿಂದ ಮೊನ್ನೆಯಷ್ಟೇ ವರ್ಗವಾಗಿ ಬಂದವರು.

“ಶಾರ್ಕ್ ತಿಂತು ಸಾರ್. ಮರಿಗಳು ಹಾರೋದು ಕಲಿಯೋವಾಗ ಸುಸ್ತಾಗಿ ನೀರ ಮೇಲೆ ಕೂತ್ಕೋತವೆ. ಅದು ಕೆಳಗಿಂದ ಬಂದು ಗುಳುಂ ಅಂತ ನುಂಗುತ್ತೆ.”

“ಹಕ್ಕಿ ಮೀನನ್ನ ತಿನ್ನುತ್ತೆ ಕಣಯ್ಯಾ, ಮೀನು ಹಕ್ಕೀನ ತಿನ್ನಲ್ಲ! ಯಾರ ಕಿವಿಗೆ ಹೂ ಇಡ್ತೀಯ?”

ಟೈಪಿಸ್ಟ್ ಅಕ್ಕ, ಯಾರೂ ಕೇಳದಿದ್ದರೂ, ಬಾಯಿ ಹಾಕಿದಳು. “ಆ ದುರ್ಬೀನಿನ ಗಾಜು ಒರೆಸಿ ಎಷ್ಟು ದಿನ ಆಯ್ತು ಕೇಳಿ ಸಾರ್.”

ಸಾಹೇಬರು ಮೇಜು ಕುಟ್ಟಿದರು. “ಸಂಜೆಯೊಳಗೆ ಆ ಶಾರ್ಕನ್ನ ನನ್ನ ಕಣ್ಣಿಗೆ ತೋರಿಸು. ಇಲ್ಲಾಂದ್ರೆ ನಾಳೆಯಿಂದ ಮೂರು ತಿಂಗಳು ಬಂಡೆ ಮೇಲಿನ ತಗಡಿನ ಶೆಡ್ಡಲ್ಲೇ ಇದ್ದು ಎಣಿಸು.”

ಗುಮಾಸ್ತನ ಜೀವ ಬಾಯಿಗೆ ಬಂತು. ಕಿಟಕಿ ಪಕ್ಕದ ಕುರ್ಚಿ, ಮಧ್ಯಾಹ್ನ ಮನೆಯೂಟ, ಅದಾದ ಮೇಲೆ ಹತ್ತು ನಿಮಿಷದ ಜೊಂಪು, ಎಲ್ಲ ಕೈಬಿಟ್ಟು ಹೋಗುವಂತಿತ್ತು. ಓಡಿಹೋಗಿ ದೋಣಿ ನಡೆಸುವ ಭಾವಮೈದುನನನ್ನು ಕರೆತಂದ. ಸಾಹೇಬರು ಹೊಸ ಬಿಳಿ ಟೋಪಿ ಹಾಕಿಕೊಂಡು ದೋಣಿ ಹತ್ತಿದರು. ಶಾರ್ಕ್ ನೋಡಿಲ್ಲವೆಂದು ಟೈಪಿಸ್ಟ್ ಅಕ್ಕನೂ ಹತ್ತಿದಳು.

ಬಂಡೆಯ ಹತ್ತಿರ ಎರಡು ಗಂಟೆ ಕಾದರು. ಶಾರ್ಕಿನ ಸುಳಿವಿಲ್ಲ. ಗುಮಾಸ್ತ ಅಷ್ಟರಲ್ಲಿ ಎರಡು ಸಲ ವಾಂತಿ ಮಾಡಿದ.

“ಹೆದರಬೇಡಿ ಭಾವ, ನಾನು ಕರೀತೀನಿ,” ಎಂದು ಭಾವಮೈದುನ ದೋಣಿಯ ಹುಟ್ಟು ಎತ್ತಿ ನೀರಿಗೆ ಬಡಿದ. ದೋಣಿ ವಾಲಿತು. ಸಾಹೇಬರ ಟೋಪಿ ಹಾರಿ ನೀರಿಗೆ ಬಿತ್ತು. ಮರುಕ್ಷಣ ದೊಡ್ಡದೊಂದು ಬಾಯಿ ಮೇಲೆದ್ದು ಟೋಪಿಯನ್ನು ನುಂಗಿ ಮಾಯವಾಯಿತು.

“ನೋಡಿದ್ರಾ ಸಾರ್!” ಗುಮಾಸ್ತ ಕುಣಿದಾಡಿದ.

“ಏನು ನೋಡೋದು? ಟೋಪಿ ತಿಂತು. ಟೋಪಿ ಹಕ್ಕೀನಾ?” ಸಾಹೇಬರ ಮುಖ ಕೆಂಪಾಗಿತ್ತು. “ನಡೀರಿ ವಾಪಸ್ಸು.”

ಅಷ್ಟರಲ್ಲಿ ಬಂಡೆಯಿಂದ ಒಂದು ಮರಿ ರೆಕ್ಕೆ ಬಡಿಯುತ್ತ ಹೊರಟು, ನಾಲ್ಕು ಮಾರು ಹಾರಿ, ದಣಿದು ನೀರ ಮೇಲೆ ಕೂತಿತು. ಅದರ ಹಿಂದೆ ಶಾರ್ಕಿನ ಕಪ್ಪು ಈಜುರೆಕ್ಕೆ ನೀರು ಸೀಳುತ್ತ ಬಂತು. ಸುಮ್ಮನಿದ್ದಿದ್ದರೆ ಗುಮಾಸ್ತನ ಕುರ್ಚಿ ಉಳಿಯುತ್ತಿತ್ತು. ಆದರೆ ಆ ಮರಿಯನ್ನು ಮೊಟ್ಟೆಯಾಗಿದ್ದಾಗಿನಿಂದ ಎಣಿಸಿದವನು ಅವನು. ಕರುಳು ಚುರ್ ಎಂದಿತು.

“ಏಳೇ ಪುಟ್ಟಿ! ಹಾರೇ! ಹಾರು!” ಎಂದು ಚಪ್ಪಾಳೆ ತಟ್ಟುತ್ತ ಕಿರುಚಿದ.

“ನೀನು ಯಾರ ಕಡೆಯಯ್ಯಾ?” ಎಂದು ಸಾಹೇಬರು ಕೇಳುವಷ್ಟರಲ್ಲಿ ಮರಿ ಬೆದರಿ ಮೇಲೆದ್ದಿತು. ಅದರ ಬೆನ್ನಿಗೇ ಶಾರ್ಕ್ ಅರ್ಧ ಮೈ ಹೊರಹಾಕಿ ಬಾಯಿ ಮುಚ್ಚಿತು. ಸಿಕ್ಕಿದ್ದು ಬಾಲದ ಎರಡು ಪುಕ್ಕ. ಮರಿ ಬಂಡೆಗೆ ವಾಪಸ್ಸಾಯಿತು.

ಸಾಹೇಬರು ಗುಮಾಸ್ತನನ್ನು ತಬ್ಬಿಕೊಂಡರು. “ತಪ್ಪಾಯ್ತಯ್ಯಾ! ನೀನು ಹೇಳಿದ್ದು ಅಕ್ಷರಶಃ ನಿಜ. ನಿನಗೆ ಶಿಕ್ಷೆ ಕೊಟ್ಟರೆ ನನ್ನ ನಾಲಿಗೆ ಬಿದ್ದುಹೋಗುತ್ತೆ.”

ಗುಮಾಸ್ತನಿಗೆ ಹೊಟ್ಟೆ ತೊಳಸುವುದೂ ನಿಂತುಹೋಯಿತು. ಮರಿಯೂ ಉಳಿಯಿತು, ಮಾನವೂ ಉಳಿಯಿತು. ಇಷ್ಟು ಸುಖ ಅವನು ಮದುವೆಯ ದಿನವೂ ಪಟ್ಟಿರಲಿಲ್ಲ.

“ಇಷ್ಟು ದಿನ ಉಳಿದ ಮರಿಗಳನ್ನ ಎಣಿಸ್ತಿದ್ವಿ. ಶಾರ್ಕ್ ತಿಂದಿದ್ದನ್ನ ಎಣಿಸೋರೇ ಇರಲಿಲ್ಲ,” ಸಾಹೇಬರು ಮುಂದುವರಿಸಿದರು. “ದಡದಲ್ಲಿ ಕೂತು ಆಗೋ ಕೆಲಸ ಅಲ್ಲ ಅದು. ನಿನ್ನನ್ನ ಶಾರ್ಕ್ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದೀನಿ. ಬಡ್ತಿ! ನಾಳೆಯಿಂದ ಬಂಡೆ ಮೇಲಿನ ಶೆಡ್ಡೇ ನಿನ್ನ ಕಚೇರಿ.”

ಗುಮಾಸ್ತ ದೋಣಿಯ ಅಂಚು ಹಿಡಿದುಕೊಂಡ. “ಅದೂ ಮೂರು ತಿಂಗಳೇನಾ ಸಾರ್?”

“ಛೆ ಛೆ, ಮೂರು ತಿಂಗಳು ಶಿಕ್ಷೆಗೆ,” ಸಾಹೇಬರು ಅವನ ಬೆನ್ನು ತಟ್ಟಿದರು. “ಬಡ್ತಿ ಅಂದ್ಮೇಲೆ ರಿಟೈರ್ ಆಗೋವರೆಗೂ!”